ಕೋವಿ ಠಾಣೆಯಲ್ಲಿ, ಮಂಗ ತೋಟದಲ್ಲಿ: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಾನು ಮಲೆನಾಡಿನ ಒಬ್ಬ ಸಣ್ಣ ಅಡಿಕೆ ಬೆಳೆಗಾರ. ಎರಡೂವರೆ ಎಕರೆ ತೋಟ, ಮೂರು ಬದಿಗೆ ಕಾಡು, ಒಂದು ಬದಿಗೆ ಹಳ್ಳ. ಮನೆಯಲ್ಲಿ ಒಂದು ಕೋವಿ ಇದೆ. ಹನ್ನೆರಡು ಬೋರಿನ ಒಂಟಿ ನಳಿಗೆಯದು. ಅಪ್ಪನ ಹೆಸರಲ್ಲಿತ್ತು, ಅವರು ಹೋದ ಮೇಲೆ ಒಂದೂವರೆ ವರ್ಷ ಕಚೇರಿ ಕಚೇರಿ ಅಲೆದು ನನ್ನ ಹೆಸರಿಗೆ ಮಾಡಿಸಿಕೊಂಡೆ. ಲೈಸೆನ್ಸಿನಲ್ಲಿ ಬೆಳೆ ರಕ್ಷಣೆಗೆ ಅಂತಲೇ ಬರೆದಿದೆ. ತೋಟಕ್ಕೆ ಇಳಿಯುವಾಗ ಸೊಂಟದ ಕೊಕ್ಕೆಯಲ್ಲಿ ಕತ್ತಿ ಇರುತ್ತದೆ. ಜೇಬಲ್ಲಿ ಒಂದು ಮಡಚುವ ಚಾಕು, ಅದು ಮದುವೆ ಮನೆಗೆ ಹೋದರೂ ಇರುತ್ತದೆ. ಇಷ್ಟೆಲ್ಲ ಇಟ್ಟುಕೊಂಡವನು ಪತ್ರ ಬರೆದಿದ್ದಾನೆ ಅಂತ ಗಾಬರಿ ಆಗಬೇಡಿ. ಇವು ನಮ್ಮಲ್ಲಿ ಹಾರೆ ಗುದ್ದಲಿ ಸಾಲಿನ ಸಾಮಾನುಗಳೇ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಚುನಾವಣೆ ಬಂದಾಗಲೆಲ್ಲ ಊರಿನ ಎಲ್ಲರ ಕೋವಿಯನ್ನೂ ಒಟ್ಟಿಗೆ ಠಾಣೆಗೆ ತಂದು ಇಡಿ ಅನ್ನುವ ಪದ್ಧತಿ ನಿಲ್ಲಿಸಿ. ಯಾರದ್ದು ಇಡಿಸಬೇಕೋ ಅವರದ್ದನ್ನು ಇಡಿಸಿ. ಇದು ನನ್ನ ಸ್ವಂತ ಬುದ್ಧಿ ಅಲ್ಲ, ಚುನಾವಣಾ ಆಯೋಗ ಹೇಳಿರುವುದೂ ಇದನ್ನೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು 2024ರದ್ದು ಹೇಳುತ್ತೇನೆ. ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆ ಆಯಿತು. ಅದಾಗಿ ನಾಲ್ಕೈದು ದಿನಕ್ಕೆ ಬೀಟ್ ಪೊಲೀಸರ ಫೋನು ಬಂತು. ಅವರದ್ದು ಪಾಪ ಮರ್ಯಾದೆಯ ಮಾತೇ, "ಮಾವ, ಕೋವಿ ತಂದಿಟ್ಟುಬಿಡಿ, ಸುಮ್ನೆ ನನಗೆ ಎರಡೆರಡು ಸಲ ಹೇಳಿಸಬೇಡಿ" ಅಂದರು. ತಂದಿಟ್ಟೆ. ನಮ್ಮ ಕಡೆ ಮತದಾನ ಆಗಿದ್ದು ಮೇ 7ಕ್ಕೆ. ಸರಿ, ಮುಗಿಯಿತಲ್ಲ, ಕೊಡಿ ಅಂತ ಹೋದರೆ ಇಲ್ಲ, ದೇಶದ್ದು ಮುಗಿಯಬೇಕು ಅಂದರು. ಎಣಿಕೆ ಆಗಿದ್ದು ಜೂನ್ 4ಕ್ಕೆ. ಕೋವಿ ನನ್ನ ಕೈಗೆ ಬಂದಿದ್ದು ಜೂನ್ ಮೂರನೇ ವಾರ, ಆಗ ಇಲ್ಲಿ ಮಳೆ ಹಿಡಿದು ನಾವು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿಯಲ್ಲಿದ್ದೆವು. ಹತ್ತತ್ತಿರ ಮೂರು ತಿಂಗಳು. ಅದರ ಹಿಂದಿನ ವರ್ಷ ವಿಧಾನಸಭೆ, ಮಾರ್ಚ್ 29ಕ್ಕೆ ಘೋಷಣೆ, ಮೇ 10ಕ್ಕೆ ಮತದಾನ. ಅಂದರೆ ಸತತ ಎರಡು ಬೇಸಿಗೆ ತೋಟ ಕೋವಿ ಇಲ್ಲದೆ ಕಳೆಯಿತು.

ಬೇಸಿಗೆಯಲ್ಲಿ ಏನು ಮಹಾ ಅಂತ ನಿಮಗೆ ಅನ್ನಿಸಬಹುದು. ಅದೇ ನೋಡಿ ಕಷ್ಟದ ಕಾಲ. ಕಾಡಲ್ಲಿ ನೀರಿಲ್ಲ, ಚಿಗುರಿಲ್ಲ. ತೋಟದಲ್ಲಿ ಎರಡೂ ಇದೆ. ಮರದಲ್ಲಿ ಸಿಂಗಾರ (ಅಡಿಕೆಯ ಹೂಗೊನೆ) ಒಡೆದು ಎಳೆ ಕಾಯಿ ಕಚ್ಚಿರುತ್ತದೆ. ಮಂಗ ಒಂದು ಮರಕ್ಕೆ ಹತ್ತಿದರೆ ತಿನ್ನುವುದು ನಾಲ್ಕು ಕಾಯಿ, ಉದುರಿಸುವುದು ನಲವತ್ತು. ಬೆಳಿಗ್ಗೆ ಆರೂವರೆಗೆ ಬರುತ್ತವೆ. ಒಂದು ದೊಡ್ಡದು ಬೇಲಿ ಹತ್ತಿರದ ಮರದಲ್ಲಿ ಕೂತು ಮನೆ ಕಡೆ ನೋಡುತ್ತಿರುತ್ತದೆ. ನಾನು ಬರಿಗೈಯಲ್ಲಿ ಅಂಗಳಕ್ಕೆ ಇಳಿದರೆ ಅಲ್ಲಾಡುವುದಿಲ್ಲ. ಕೋವಿ ಹಿಡಿದು ಇಳಿದರೆ ಈಡು ಹೊಡೆಯುವುದೇ ಬೇಡ, ಅಷ್ಟಕ್ಕೇ ಹಿಂಡಿಗೆ ಹಿಂಡೇ ಹಳ್ಳ ದಾಟುತ್ತದೆ. ನನ್ನ ಹೆಂಡತಿ ಒಂದು ದಿನ ಕೋವಿ ಇಲ್ಲದಾಗ ಅದೇ ಉದ್ದದ ಪೈಪ್ ತುಂಡು ಕೊಟ್ಟು ಕಳಿಸಿದಳು. ಎರಡು ದಿನ ನಡೆಯಿತು. ಮೂರನೇ ದಿನ ಅದು ಪೈಪನ್ನೂ ನನ್ನನ್ನೂ ನೋಡಿ ಹಲ್ಲು ಕಿರಿದ ಹಾಗೆ ಮಾಡಿತು.

ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ನಾನು ಮಂಗನಿಗೆ ಗುಂಡು ಹೊಡೆಯುವವನಲ್ಲ, ನಮ್ಮ ಮನೆಯಲ್ಲಿ ಯಾರೂ ಹೊಡೆದಿಲ್ಲ. ಆಕಾಶಕ್ಕೆ ಒಂದು ಈಡು, ಅಷ್ಟೇ. ವರ್ಷಕ್ಕೆ ಹತ್ತೋ ಹನ್ನೆರಡೋ ತೋಟಾ (ಕಾರ್ಟ್ರಿಜ್) ಖರ್ಚಾಗುತ್ತದೆ. 1972ರ ವನ್ಯಜೀವಿ ಕಾಯ್ದೆ ಏನು ಹೇಳುತ್ತದೆ ಅಂತ ನಮಗೂ ಗೊತ್ತು. ತೋಟ ಅಗೆದು ಹಾಳು ಮಾಡಿದ ಹಂದಿಯೇ ಆದರೂ ಅನುಮತಿ ಇಲ್ಲದೆ ಹೊಡೆದರೆ ಕೇಸು. ಕೋವಿ ಲೈಸೆನ್ಸ್ ಅಂದರೆ ಶಿಕಾರಿ ಲೈಸೆನ್ಸ್ ಅಲ್ಲ.

ಕೋವಿ ಇಲ್ಲದಿದ್ದಾಗ ಜನ ಏನು ಮಾಡುತ್ತಾರೆ ಗೊತ್ತಾ? ಗರ್ನಾಲು ಹಚ್ಚಿ ಎಸೆಯುತ್ತಾರೆ, ಏಪ್ರಿಲ್ ತಿಂಗಳ ಒಣ ತರಗೆಲೆ ಮೇಲೆ. ಇಲ್ಲವೇ ಪಿವಿಸಿ ಪೈಪಿಗೆ ಕಾರ್ಬೈಡ್ ಹಾಕಿ ನೀರು ಬಿಟ್ಟು ಢಂ ಅನ್ನಿಸುತ್ತಾರೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಮಕ್ಕಳು ಕಣ್ಣು ಕಳೆದುಕೊಂಡಿದ್ದು ಇದೇ ಪೈಪಿನಿಂದ. ಅದು ಸಿಡಿಯದೆ ಇದ್ದಾಗ ಹುಡುಗರು ಒಳಗೆ ಬಗ್ಗಿ ನೋಡುತ್ತಾರೆ, ಆಗಲೇ ಸಿಡಿಯುತ್ತದೆ. ನೋಂದಣಿ ಇರುವ, ಯಾರ ಮನೆಯಲ್ಲಿ ಇದೆ ಅಂತ ನಿಮಗೆ ಗೊತ್ತಿರುವ ಕೋವಿಯನ್ನು ಒಳಗಿಡಿಸಿ, ಲೆಕ್ಕಕ್ಕೇ ಸಿಗದ ಪೈಪು ಹೊರಗೆ ಬರುವ ಹಾಗೆ ಮಾಡಿದರೆ ಯಾರಿಗೆ ಕ್ಷೇಮ ಹೇಳಿ.

ಇನ್ನು ಠಾಣೆಯ ಕೋಣೆ. ನಾನು ಯಾವ ಠಾಣೆ ಅಂತ ಹೇಳುವುದಿಲ್ಲ, ಅಲ್ಲಿಯವರ ತಪ್ಪಲ್ಲ ಅದು, ಅವರಿಗೆ ಇರುವ ಜಾಗವೇ ಅಷ್ಟು. ಹಳೆ ಕಡತಗಳ ಪಕ್ಕದಲ್ಲಿ ಗೋಡೆಗೆ ಒರಗಿಸಿ ಎಪ್ಪತ್ತು ಎಂಬತ್ತು ಕೋವಿ. ಐದೈದು ಸೇರಿಸಿ ಅಡಿಕೆ ಮೂಟೆಗೆ ಬಿಗಿಯುವ ಹುರಿಯಲ್ಲಿ ಕಟ್ಟಿದ್ದಾರೆ. ಕುತ್ತಿಗೆಗೆ ರಟ್ಟಿನ ಚೀಟಿ. ಒಂದು ಕೋವಿಯ ಕುದುರೆ (ಈಡು ಸಿಡಿಸುವ ಸುತ್ತಿಗೆ) ಇನ್ನೊಂದರ ಮರದ ಹಿಡಿಗೆ ಒತ್ತಿಕೊಂಡು ಗೀರು ಬಿದ್ದಿದೆ. ಕೆಳಗೆ ಸಿಮೆಂಟ್ ನೆಲ, ಮುಂಗಾರು ಪೂರ್ವ ಮಳೆ ಬಂದಾಗ ಬೆವರುತ್ತದೆ. ನನ್ನ ಕೋವಿ ವಾಪಸ್ ತಂದು ಬಗ್ಗಿಸಿ, ನಳಿಗೆಯನ್ನು ಕಿಟಕಿ ಬೆಳಕಿಗೆ ಹಿಡಿದು ಒಳಗೆ ನೋಡಿದೆ. ಚೆನ್ನಾಗಿರುವ ನಳಿಗೆಯಲ್ಲಿ ಹಾಗೆ ನೋಡಿದರೆ ಬೆಳ್ಳಿ ಬಳೆಗಳನ್ನು ಸಾಲಾಗಿ ಜೋಡಿಸಿದ ಹಾಗೆ ಕಾಣುತ್ತದೆ. ಇದರಲ್ಲಿ ರಾಗಿ ಕಾಳು ಚೆಲ್ಲಿದ ಹಾಗೆ ಕಂದು ಚುಕ್ಕೆ. ಗಜಕ್ಕೆ, ಅಂದರೆ ನಳಿಗೆ ಒರೆಸುವ ಸರಳಿಗೆ, ಬಟ್ಟೆ ಸುತ್ತಿ ಎಣ್ಣೆ ಹಾಕಿ ಮೂರು ದಿನ ತಿಕ್ಕಿದೆ. ಚುಕ್ಕೆ ಹೋಯಿತು, ಅದರ ಗುಳಿ ಹೋಗಲಿಲ್ಲ. ಗುಳಿ ಬಿದ್ದ ನಳಿಗೆಯನ್ನು ನಂಬುವುದು ಹೇಗೆ? ನಾಳೆ ಅದು ಒಡೆದರೆ ಹೋಗುವುದು ನನ್ನ ಕೈ. (ಆಯುಧ ಪೂಜೆಯ ದಿನ ನಳಿಗೆಗೆ ಕುಂಕುಮದ ನೀರು ಬಳಿದು ವಾರಗಟ್ಟಲೆ ಒರೆಸದೆ ಬಿಟ್ಟು ತುಕ್ಕು ಹಿಡಿಸುವವರೂ ನಮ್ಮಲ್ಲಿದ್ದಾರೆ. ಅದಕ್ಕೆ ಠಾಣೆಯವರು ಹೊಣೆ ಅಲ್ಲ, ಒಪ್ಪಿದೆ.)

ಈಗ ಆಯೋಗದ ಮಾತು. ಪ್ರತಿ ಜಿಲ್ಲೆಯಲ್ಲಿ ಒಂದು ಪರಿಶೀಲನಾ ಸಮಿತಿ ಇರಬೇಕು, ಅದರಲ್ಲಿ ನೀವು ಮತ್ತು ಪೊಲೀಸ್ ವರಿಷ್ಠಾಧಿಕಾರಿ. ಈ ಸಮಿತಿ ಒಬ್ಬೊಬ್ಬ ಲೈಸೆನ್ಸುದಾರನ ವಿಷಯವನ್ನೂ ಬೇರೆ ಬೇರೆಯಾಗಿ ನೋಡಬೇಕು. ಜಾಮೀನಿನ ಮೇಲೆ ಹೊರಗಿರುವವರು, ಕ್ರಿಮಿನಲ್ ಕೇಸಿನ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿ, ಅದರಲ್ಲೂ ಚುನಾವಣೆ ಹೊತ್ತಿನ ಗಲಭೆಯಲ್ಲಿ ಸಿಕ್ಕಿಬಿದ್ದವರು, ಇಂಥವರನ್ನು ಮುಖ್ಯವಾಗಿ ಗಮನಿಸಿ ಅಂತ ಇದೆ. ನೋಡಿ ತೀರ್ಮಾನ ಮಾಡಿ ಅಂತ ಇದೆಯೇ ಹೊರತು ಕಣ್ಣುಮುಚ್ಚಿ ಎಲ್ಲರದ್ದೂ ತರಿಸಿ ಅಂತ ಇಲ್ಲ. ನಮ್ಮಲ್ಲಿ ಆಗುವುದೇನು? ಒಂದೇ ಆದೇಶ, ಎಲ್ಲರಿಗೂ. ಎಂಬತ್ತು ವರ್ಷದ ಅಜ್ಜನ ಕೇಪಿನ ಕೋವಿಗೂ (ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕೋವಿ) ಅದೇ, ಹಿಂದಿನ ಚುನಾವಣೆಯಲ್ಲಿ ಬೂತ್ ಮುಂದೆ ಹೊಡೆದಾಡಿದವನಿಗೂ ಅದೇ. ಸಮಿತಿ ಸಭೆ ಆಯಿತಾ, ನನ್ನ ಹೆಸರು ಓದಿದರಾ, ಏನು ಕಾರಣ ಬರೆದರು, ಒಂದೂ ನನಗೆ ಬಂದಿಲ್ಲ.

ನನ್ನ ವಿವರ ನಿಮ್ಮ ಹತ್ತಿರ ಇಲ್ಲ ಅನ್ನುವ ಹಾಗೂ ಇಲ್ಲ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣ ಆಗುತ್ತದೆ, ಮುಂಚೆ ಮೂರು ವರ್ಷ ಇತ್ತು. ಪ್ರತಿ ಸಲ ಪೊಲೀಸರು ವರದಿ ಕೊಡುತ್ತಾರೆ. ನನ್ನ ಮೇಲೆ ಕೇಸು ಇದೆಯಾ, ಕುಡಿಯುತ್ತೇನಾ, ಅಕ್ಕಪಕ್ಕದವರ ಜೊತೆ ಗಡಿ ಜಗಳ ಇದೆಯಾ, ಎಲ್ಲ ಕೇಳುತ್ತಾರೆ. ಗಡಿ ಜಗಳ ಇದೆ, ಸುಳ್ಳು ಹೇಳುವುದಿಲ್ಲ, ಆದರೆ ಅದು ಸರ್ವೇಯರ್ ಬಾರದೆ ಇರುವುದರಿಂದ.

ಕೊಡಗಿನ ವಿಷಯ ಯಾರಾದರೂ ಎತ್ತೇ ಎತ್ತುತ್ತಾರೆ, ಅದಕ್ಕೆ ನಾನೇ ಹೇಳಿಬಿಡುತ್ತೇನೆ. ಕೊಡವರಿಗೆ ಮತ್ತು ಜಮ್ಮಾ (ಅಲ್ಲಿಯ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದ್ ಅನ್ನುವ ಆಯುಧ ಹಬ್ಬದ ದಿನ ಕೋವಿಗೆ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡುತ್ತಾರೆ, ಗಂಡು ಮಗು ಹುಟ್ಟಿದರೆ ಈಡು, ಮನೆಯಲ್ಲಿ ಸಾವಾದರೂ ಈಡು. ಅದು ಅವರ ಬದುಕಿನ ಭಾಗ. ನಮ್ಮಲ್ಲಿ ಕೆಲವರು "ಅವರಿಗೆ ಇದೆ, ನಮಗ್ಯಾಕಿಲ್ಲ" ಅಂತ ಹೊರಡುತ್ತಾರೆ. ನನ್ನ ಬೇಡಿಕೆ ಅದಲ್ಲ. ಲೈಸೆನ್ಸ್ ಇರಲಿ, ತಪಾಸಣೆ ಇರಲಿ, ಬೇಕಾದರೆ ವರ್ಷಕ್ಕೊಮ್ಮೆ ಮನೆಗೆ ಬಂದು ಕೋವಿ ಎಲ್ಲಿಟ್ಟಿದ್ದೇನೆ ಅಂತ ನೋಡಿ ಹೋಗಿ. ಬಂದವರಿಗೆ ಊಟ ಹಾಕಿಯೇ ಕಳಿಸುತ್ತೇವೆ.

ನಮ್ಮವರ ತಪ್ಪೂ ಹೇಳದಿದ್ದರೆ ಪತ್ರ ಅರ್ಧ ಸುಳ್ಳಾಗುತ್ತದೆ. ರಾತ್ರಿ ಹೆಡ್‌ಲೈಟ್ ಕಟ್ಟಿಕೊಂಡು ಶಿಕಾರಿಗೆ ಹೋಗಿ, ಪೊದೆ ಅಲ್ಲಾಡಿದ್ದಕ್ಕೆ ಹಂದಿ ಅಂದುಕೊಂಡು ಜೊತೆಯವನಿಗೇ ಹೊಡೆದ ಸುದ್ದಿ ಮಲೆನಾಡಿನ ಪೇಪರಲ್ಲಿ ಆಗಾಗ ಬರುತ್ತದೆ. ಕೇಪಿನ ಕೋವಿಗೆ ಮದ್ದು ಚರೆ ತುಂಬಿ ಹಾಗೇ ಬಾಗಿಲ ಮೂಲೆಗೆ ನಿಲ್ಲಿಸುವ ಮನೆಗಳಿವೆ. ತೆಗೆಯುವುದು ಕಷ್ಟ ಅಂತ ತುಂಬಿದ್ದು ತುಂಬಿದ ಹಾಗೇ ಇರುತ್ತದೆ, ಮೊಮ್ಮಕ್ಕಳು ಬೇಸಿಗೆ ರಜೆಗೆ ಬಂದಿರುತ್ತಾರೆ. ನನಗೆ ಅಂಥ ಮನೆಗೆ ಹೋದರೆ ಕಾಫಿ ಇಳಿಯುವುದಿಲ್ಲ. ನಮ್ಮ ಮನೆಯಲ್ಲಿ ಕೋವಿ ಕಬ್ಬಿಣದ ಕಪಾಟಿನಲ್ಲಿ, ನಳಿಗೆ ಬೇರೆ ಹಿಡಿ ಬೇರೆ ಮಾಡಿ ಇಡುತ್ತೇನೆ. ತೋಟಾ ಅಕ್ಕಿ ಕೋಣೆಯ ಮೇಲಿನ ಪೆಟ್ಟಿಗೆಯಲ್ಲಿ, ಬೀಗದ ಕೈ ನನ್ನ ಉಡಿದಾರದಲ್ಲಿ. ಮಂಗ ಬಂದಾಗ ಇದನ್ನೆಲ್ಲ ಜೋಡಿಸಲು ಎರಡು ನಿಮಿಷ ಬೇಕು. ಆ ಎರಡು ನಿಮಿಷ ಹೋದರೆ ಹೋಗಲಿ.

ಮದುವೆ ಜಾತ್ರೆಯಲ್ಲಿ ಖುಷಿಗೆ ಗುಂಡು ಹಾರಿಸುವವರ ಪರವಾಗಿ ನಾನು ಒಂದಕ್ಷರ ಬರೆಯುವುದಿಲ್ಲ. 2019ರ ತಿದ್ದುಪಡಿಯಲ್ಲಿ ಅದಕ್ಕೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇಟ್ಟಿದ್ದಾರೆ. ಹಾಕಿ ಒಳಗೆ.

ಇದರ ಜೊತೆಗೆ ಈಗ ಒಂದು ಹೊಸ ಖಾಯಿಲೆ ಬಂದಿದೆ. ಮೊಬೈಲಲ್ಲಿ ವಿಡಿಯೋ ನೋಡಿ ನೋಡಿ ನಮ್ಮ ಹುಡುಗರು "ಮಾವ, ಲೈಸೆನ್ಸ್ ಮಾಡಿಸಿದರೆ ಪಿಸ್ತೂಲೇ ತಗೊಳ್ಳೋಣ" ಅನ್ನುತ್ತಾರೆ. ಏನು ಮಾಡುತ್ತೀಯೋ ಅದರಲ್ಲಿ ಅಂದರೆ ಉತ್ತರ ಇಲ್ಲ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆ ಅಂತ ನಿರ್ಭೀಕ್ ಅನ್ನುವ ರಿವಾಲ್ವರ್ ತಂದಾಗ ಅದರ ಬೆಲೆಯೇ ಒಂದು ಲಕ್ಷ ಇಪ್ಪತ್ತು ಸಾವಿರ ದಾಟಿತ್ತು. ಆ ದುಡ್ಡಲ್ಲಿ ತೋಟಕ್ಕೆ ಸೋಲಾರ್ ಬೇಲಿಯ ಒಂದು ಬದಿ ಮುಗಿಯುತ್ತಿತ್ತು. ಸಣ್ಣ ನಳಿಗೆಯ ಆಯುಧದಲ್ಲಿ ಗುರಿ ಹಿಡಿಯುವುದು ಕೈ ಪಳಗಿದವರಿಗೇ ಕಷ್ಟ. ತೋಟಕ್ಕಂತೂ ಅದು ದಂಡ. ಬರೀ ಸದ್ದು ಬೇಕು, ದೂರಕ್ಕೆ ಕೇಳಬೇಕು, ರಿಪೇರಿ ತಾಲೂಕಿನಲ್ಲೇ ಆಗಬೇಕು ಅಂದರೆ ಒಂಟಿ ನಳಿಗೆ ಸಾಕು, ಜೋಡು ನಳಿಗೆ ಕೂಡ ಭಾರವೇ. ಏರ್ ಗನ್ ಒಂದು ಮಿತಿಯೊಳಗೆ, ನಳಿಗೆ ಪಾಯಿಂಟ್ 177 ಇಂಚಿನ ಬೋರು, ಹೊಡೆತದ ಶಕ್ತಿ 20 ಜೌಲ್ ಒಳಗಿದ್ದರೆ ಲೈಸೆನ್ಸ್ ಬೇಡ. ಆದರೆ ಅದರ ಟಪ್ ಅನ್ನುವ ಸದ್ದಿಗೆ ಮಂಗ ತಿರುಗಿಯೂ ನೋಡುವುದಿಲ್ಲ, ಹುಡುಗರು ಹಕ್ಕಿ ಹೊಡೆಯಲು ಹೊರಡುತ್ತಾರೆ, ಅಷ್ಟೇ ಆಗುವುದು.

ಈಗ ಚಾಕುವಿನ ಕಥೆ. ಇದು ಸಣ್ಣದು, ಆದರೆ ನನಗೆ ಕೋವಿಗಿಂತ ಜಾಸ್ತಿ ಬೇಜಾರಾಗಿದ್ದು ಇದರಿಂದ.

ನನ್ನ ಅಕ್ಕನ ಮಗ ಕಸಿ ಕಟ್ಟುವ ಕೆಲಸ ಮಾಡುತ್ತಾನೆ. ಕಾಳುಮೆಣಸು, ಮಾವು, ಜಾಯಿಕಾಯಿ, ಯಾವುದಾದರೂ ಸೈ. ಅವನ ಚೀಲದಲ್ಲಿ ಕತ್ತರಿ, ಪ್ಲಾಸ್ಟಿಕ್ ಪಟ್ಟಿ, ಮತ್ತೆ ಒಂದು ಕಸಿ ಚಾಕು. ಅದೇ 2024ರ ಏಪ್ರಿಲ್‌ನಲ್ಲಿ ಚುನಾವಣೆಯ ಚೆಕ್‌ಪೋಸ್ಟಲ್ಲಿ ಬೈಕ್ ನಿಲ್ಲಿಸಿದರು. ಅವರು ಹುಡುಕುತ್ತಿದ್ದದ್ದು ಐವತ್ತು ಸಾವಿರಕ್ಕಿಂತ ಜಾಸ್ತಿ ನಗದು. ಇವನ ಜೇಬಲ್ಲಿ ಇದ್ದದ್ದು ಮುನ್ನೂರ ನಲವತ್ತು ರೂಪಾಯಿ. ದುಡ್ಡು ಸಿಗಲಿಲ್ಲ, ಚಾಕು ಸಿಕ್ಕಿತು. "ಇದೇನಪ್ಪಾ ಇಷ್ಟು ಹರಿತ ಇದೆ" ಅಂದರಂತೆ. ಕಸಿ ಚಾಕು ಹರಿತ ಇಲ್ಲದಿದ್ದರೆ ಕಡ್ಡಿ ಜಜ್ಜಿಹೋಗಿ ಕಸಿ ಹಿಡಿಯುವುದೇ ಇಲ್ಲ ಅಂತ ಹುಡುಗ ಹೇಳಿದ. ಒಂದು ಗಂಟೆ ಕೂರಿಸಿ, ಚಾಕು ಇಟ್ಟುಕೊಂಡು, ಚೀಟಿ ಕೊಡದೆ ಕಳಿಸಿದರು. ಅದರ ಅಲಗು ಎರಡೂವರೆ ಇಂಚು.

ನಾನು ಕಾನೂನು ಓದಿದವನಲ್ಲ, ಆದರೆ ಇದೊಂದನ್ನು ಹುಡುಕಿ ಓದಿದೆ. 1959ರ ಆಯುಧ ಕಾಯ್ದೆಯ ಕೆಳಗೆ ಮಾಡಿದ ನಿಯಮಗಳ ಪಟ್ಟಿಯಲ್ಲಿ ಬರುವುದು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಅಲಗಿನ ಚಾಕುಗಳು. ಅದರಲ್ಲೂ ಮನೆಬಳಕೆಗೆ, ಕೃಷಿಗೆ ಅಂತ ಮಾಡಿದ್ದನ್ನು ಬಿಟ್ಟಿದ್ದಾರೆ. ಅದೂ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಜಾಗದಲ್ಲಿ ಮಾತ್ರ ಅಂಥವಕ್ಕೆ ಲೈಸೆನ್ಸ್ ಬೇಕು. ದೆಹಲಿಯಲ್ಲಿ 1980ರ ಒಂದು ಅಧಿಸೂಚನೆ ಇದೆ, ಅಲ್ಲಿ ಸ್ಪ್ರಿಂಗ್ ಚಾಕು, ಬಟನ್ ಚಾಕುಗಳಿಗೆ 7.62 ಸೆಂಟಿಮೀಟರ್ ಅಂತ ಲೆಕ್ಕ. ಅದು ದೆಹಲಿಯದ್ದು. ನಮ್ಮ ಹುಡುಗನ ಚಾಕು ಆ ಅಳತೆಯನ್ನೂ ಮುಟ್ಟುವುದಿಲ್ಲ.

ನಿಷೇಧಾಜ್ಞೆ ಇತ್ತು ಅಂತ ನೀವು ಹೇಳಬಹುದು. ಇದ್ದಿರಬಹುದು. ಮೊದಲು ಅದಕ್ಕೆ ಸೆಕ್ಷನ್ 144 ಅನ್ನುತ್ತಿದ್ದರು, 2024ರ ಜುಲೈಯಿಂದ ಹೊಸ ಸಂಹಿತೆಯಲ್ಲಿ ಅದು 163 ಆಗಿದೆ. ನಂಬರ್ ಬದಲಾಯಿತು, ಒಳಗಿನ ಒಕ್ಕಣೆ ಬದಲಾಗಲಿಲ್ಲ: ದೊಣ್ಣೆ, ಕತ್ತಿ, ಈಟಿ, ಗದೆ, ಬಂದೂಕು, ಚೂರಿ ಹಿಡಿದು ಓಡಾಡಬಾರದು. ಗದೆ! ಯಕ್ಷಗಾನದ ಭೀಮನನ್ನು ಬಿಟ್ಟರೆ ನಮ್ಮ ತಾಲೂಕಿನಲ್ಲಿ ಗದೆ ಹಿಡಿದವರನ್ನು ನಾನು ಕಂಡಿಲ್ಲ. ಈ ಪಟ್ಟಿಯ ಕೊನೆಗೆ ಒಂದು ಸಾಲು ಸೇರಿಸಿದರೆ ಸಾಕು: ಕೃಷಿ ಕೆಲಸಕ್ಕೆ ಒಯ್ಯುವ ಕತ್ತಿ, ಕುಡುಗೋಲು, ಕಸಿ ಚಾಕುಗಳಿಗೆ ಇದು ಅನ್ವಯಿಸುವುದಿಲ್ಲ. ಇಲ್ಲದಿದ್ದರೆ ಅಕ್ಷರಶಃ ಓದಿದರೆ ಅಡಿಕೆ ಗೊನೆ ಕೊಯ್ಯಲು ಹೋಗುವ ಕೊನೆಗಾರರೆಲ್ಲ ದಾರಿಯಲ್ಲೇ ಅಪರಾಧಿಗಳು.

ಎಲ್ಲ ಕಡೆ ಚಾಕು ಬಿಡಿ ಅಂತಲೂ ನಾನು ಹೇಳುತ್ತಿಲ್ಲ. ಒಮ್ಮೆ ವಿಮಾನ ನಿಲ್ದಾಣದಲ್ಲಿ ನನ್ನ ಅಡಕತ್ತರಿ ಹೋಯಿತು. ಮಗಳ ಮನೆಗೆ ಹೊರಟಿದ್ದೆ, ಎಲೆ ಅಡಿಕೆ ಚೀಲದ ಜೊತೆ ಕೈಚೀಲದಲ್ಲೇ ಇತ್ತು. ಅದು ನನ್ನ ತಪ್ಪು, ದೊಡ್ಡ ಪೆಟ್ಟಿಗೆಗೆ ಹಾಕಬೇಕಿತ್ತು. ಅಲ್ಲಿಯ ನಿಯಮ ಗೋಡೆ ಮೇಲೆ ಚಿತ್ರ ಸಮೇತ ಬರೆದಿದೆ. ಚೆಕ್‌ಪೋಸ್ಟಲ್ಲಿ ಯಾವ ಗೋಡೆಯ ಮೇಲೂ ಏನೂ ಬರೆದಿಲ್ಲ, ಅಲ್ಲಿ ನಿಂತವರ ಮನಸ್ಸೇ ನಿಯಮ.

ಹುಡುಗರಿಗೂ ಇದರಲ್ಲಿ ಎರಡು ಮಾತಿದೆ. ಆನ್‌ಲೈನಲ್ಲಿ ತರಿಸುವ ಆ ಕಪ್ಪು ಬಣ್ಣದ, ಬೆನ್ನಿಗೆ ಗರಗಸದ ಹಲ್ಲು ಇರುವ, ಗುಂಡಿ ಒತ್ತಿದರೆ ಚಟ್ ಅಂತ ಹಾರುವ ಚಾಕು ಯಾತಕ್ಕೆ? ಅದರಲ್ಲಿ ಒಂದು ಮಾವಿನಕಾಯಿ ಸರಿಯಾಗಿ ಹೆಚ್ಚಲು ಆಗುವುದಿಲ್ಲ. ಪೊಲೀಸರು ಹಿಡಿದರೆ ನಾನೂ ಬಂದು ಬಿಡಿಸುವುದಿಲ್ಲ. ಜೇಬಿಗೆ ಮೂರು ಇಂಚು ಸಾಕು. ತೆರೆದಾಗ ಅಲಗು ಗಟ್ಟಿಯಾಗಿ ನಿಲ್ಲಬೇಕು, ಬೆರಳ ಮೇಲೆ ಮಡಚಿಕೊಳ್ಳಬಾರದು. ಸ್ಟೀಲು ತುಕ್ಕು ಹಿಡಿಯುವುದಿಲ್ಲ, ಆದರೆ ಸಾಣೆಗೆ ಬೇಗ ಬಗ್ಗುವುದಿಲ್ಲ. ನನ್ನದು ಹಳೇ ಕಾಲದ ಕಬ್ಬಿಣದ್ದು. ಹಸಿ ಅಡಿಕೆಯ ಚೊಗರು ಹತ್ತಿ ಅಲಗು ಕಾಡಿಗೆ ಹಾಗೆ ಕಪ್ಪಾಗಿದೆ, ಹೊಳೆಕಲ್ಲಿಗೆ ನಾಲ್ಕು ಸಲ ತಿಕ್ಕಿದರೂ ಕೂದಲು ಬೋಳಿಸುವಷ್ಟು ಹರಿತ ಬರುತ್ತದೆ. ಕತ್ತಿ ಬೇಕಾದರೆ ಊರ ಕುಲುಮೆಗೆ ಹೋಗಿ, ಲಾರಿ ಸ್ಪ್ರಿಂಗಿನ ಪಾಟಾ ಕೊಟ್ಟರೆ ನಿಮ್ಮ ಕೈ ಅಳತೆಗೇ ಬಡಿದು ಕೊಡುತ್ತಾರೆ. ಕುಲುಮೆ ಉಳಿದಿರುವ ಊರು ಕಡಿಮೆಯಾಗಿದೆ, ಅದು ಬೇರೆ ಮಾತು.

ಸಾಹೇಬರೇ, ಮುಂದೆ ಪಂಚಾಯ್ತಿ ಚುನಾವಣೆ ಬರುತ್ತದೆ, ಆಮೇಲೆ ವಿಧಾನಸಭೆ, ಆಮೇಲೆ ಮತ್ತೆ ಲೋಕಸಭೆ. ಅಷ್ಟರಲ್ಲಿ ಒಮ್ಮೆ ಆ ಸಮಿತಿ ನಿಜವಾಗಿ ಕೂರಲಿ. ಬೀಟ್ ಪೊಲೀಸರಿಂದ ಹಳ್ಳಿವಾರು ಪಟ್ಟಿ ತರಿಸಿ, ಅವರಿಗೆ ಯಾರು ಎಂಥವರು ಅಂತ ನಮಗಿಂತ ಚೆನ್ನಾಗಿ ಗೊತ್ತು. ನನ್ನ ಕೋವಿ ಇಡಲೇಬೇಕು ಅಂತ ತೀರ್ಮಾನ ಆದರೆ ಕಾರಣ ಬರೆದು ಒಂದು ಕಾಗದ ಕೊಡಿ, ತಂದಿಡುತ್ತೇನೆ, ವಾದ ಮಾಡುವುದಿಲ್ಲ. ಇಡುವ ಕೋಣೆಗೆ ಒಂದು ಮರದ ಸ್ಟ್ಯಾಂಡ್ ಮಾಡಿಸಿ. ದುಡ್ಡಿಲ್ಲ ಅಂದರೆ ಹೇಳಿ, ನಾವೇ ಊರವರು ಸೇರಿ ಹಲಗೆ ಕೊಡುತ್ತೇವೆ, ಬಡಗಿಯೂ ನಮ್ಮಲ್ಲೇ ಇದ್ದಾನೆ. ನಮ್ಮ ಮತದಾನ ಮುಗಿದ ಮೇಲೂ ತಿಂಗಳುಗಟ್ಟಲೆ ಕಾಯಿಸುವುದು ತಪ್ಪಿಸಲು ಆಯೋಗಕ್ಕೆ ನಿಮ್ಮ ಕಡೆಯಿಂದ ಒಂದು ಪತ್ರ ಹೋದರೆ ನಮ್ಮ ನೂರು ಪತ್ರಕ್ಕೆ ಸಮ.

ಮತ್ತೆ ಆ ಕಸಿ ಚಾಕು. ಹುಡುಗ ಅದನ್ನು ಎರಡು ಸಲ ಕೇಳಿಕೊಂಡು ಹೋದ, ಚೆಕ್‌ಪೋಸ್ಟೇ ಎತ್ತಿಬಿಟ್ಟಿದ್ದಾರೆ, ಠಾಣೆಯಲ್ಲಿ ನಮಗೆ ಗೊತ್ತಿಲ್ಲ ಅಂದರು. ಮರದ ಹಿಡಿ, ಒಂದು ಕಡೆ ಸೀಳಿದ್ದಕ್ಕೆ ನೀಲಿ ಇನ್ಸುಲೇಷನ್ ಟೇಪು ಸುತ್ತಿದೆ. ಯಾವುದಾದರೂ ಮೇಜಿನ ಡ್ರಾಯರಿನಲ್ಲಿ ಇದ್ದರೆ ದಯವಿಟ್ಟು ಕೊಡಿಸಿ. ಮಳೆ ಹಿಡಿಯುವ ಮುಂಚೆ ಅವನಿಗೆ ಮುನ್ನೂರು ಮೆಣಸಿನ ಬಳ್ಳಿ ಕಟ್ಟುವುದಿದೆ.

ಇಂತಿ,
ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ